ಮೆಸ್ಸಿಯಾನ್ ಕುರಿತ ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ಫ್ರಾನ್ಸಿನ ಸಂಗೀತ ರಚನಕಾರ ಒಲಿವಿಯೆ ಮೆಸ್ಸಿಯಾನ್ (1908–1992) ಅವರ ಬದುಕು ಮತ್ತು ಕೃತಿಗಳನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯದ ಆಯ್ಕೆ ಚೆನ್ನಾಗಿದೆ, ಭಾಷೆಯೂ ಹದವಾಗಿದೆ. ಆದರೂ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಎಂಟು ಪುಟಗಳ ಈ ಬರಹದಲ್ಲಿ ಸಂಗೀತವೇ ಕೇಳಿಸುವುದಿಲ್ಲ.

ಅವಿನ್ಯೋನ್‌ನಲ್ಲಿ ಹುಟ್ಟಿದ್ದು, ತಾಯಿ ಕವಯಿತ್ರಿಯಾಗಿದ್ದುದು, ಹನ್ನೊಂದರ ವಯಸ್ಸಿಗೆ ಪ್ಯಾರಿಸ್ ಕನ್ಸರ್ವೆಟರಿ ಎಂಬ ಸಂಗೀತ ವಿದ್ಯಾಲಯ ಸೇರಿದ್ದು, ಪಡೆದ ಬಹುಮಾನಗಳು, ಇಷ್ಟಕ್ಕೇ ಮೂರು ಪುಟ ಹೋಗಿವೆ. ಇವನ್ನು ಒಂದು ಪ್ಯಾರಾಕ್ಕೆ ಇಳಿಸಿ. 1931ರಿಂದ ಸುಮಾರು ಆರು ದಶಕ ಪ್ಯಾರಿಸ್ಸಿನ ಟ್ರಿನಿಟಿ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರೆಂಬುದನ್ನು ಮಾತ್ರ ಉಳಿಸಿಕೊಳ್ಳಿ.

ಎರಡನೆಯ ಮಹಾಯುದ್ಧದಲ್ಲಿ ಮೆಸ್ಸಿಯಾನ್ ಸೆರೆಯಲ್ಲಿದ್ದ ಯುದ್ಧಕೈದಿಗಳ ಶಿಬಿರದ ಪ್ರಸಂಗವನ್ನು ರೋಚಕವಾಗಿ ಬರೆದಿದ್ದೀರಿ. ನನ್ನ ಆಕ್ಷೇಪವಿರುವುದೂ ಅಲ್ಲಿಯೇ. 1941ರ ಜನವರಿ 15ರಂದು ಜರ್ಮನಿಯ ಗೋರ್ಲಿಟ್ಸ್‌ನ ಶಿಬಿರದಲ್ಲಿ ನಾಲ್ಕು ವಾದ್ಯಗಳಿಗಾಗಿ ಅವರು ರಚಿಸಿದ ‘ಕಾಲದ ಅಂತ್ಯಕ್ಕಾಗಿ ಚತುರ್ವಾದ್ಯ’ ಮೊದಲ ಬಾರಿಗೆ ಕೇಳಿಬಂದದ್ದು ನಿಜ. ಐದು ಸಾವಿರ ಶ್ರೋತೃಗಳಿದ್ದರು, ಪಿಟೀಲಿನ ಬಳಗದ ನಾಲ್ಕು ತಂತಿಯ ವಾದ್ಯವಾದ ಚೆಲ್ಲೋಗೆ ಮೂರೇ ತಂತಿಗಳಿದ್ದವು ಎಂಬುದು ಮೆಸ್ಸಿಯಾನರೇ ಮುಂದೆ ಹೇಳಿಕೊಂಡು ಬಂದ ಮಾತು. ಅಂದು ಚೆಲ್ಲೋ ನುಡಿಸಿದ ಎತಿಯೆನ್ ಪಾಸ್ಕಿಯೆ ತಮ್ಮ ವಾದ್ಯಕ್ಕೆ ನಾಲ್ಕೂ ತಂತಿಗಳಿದ್ದವೆಂದು ಹೇಳಿದ್ದಾರೆ. ಜನ ಸೇರಿದ್ದ ಬ್ಯಾರಕ್ಕಿಗೆ ಕೆಲವು ನೂರು ಮಂದಿಯಷ್ಟೇ ಹಿಡಿಸುತ್ತಿದ್ದರು. ನುಡಿಸಿದವನ ಮಾತನ್ನು ಬಿಟ್ಟು ದಂತಕಥೆಯನ್ನಷ್ಟೇ ಕೊಟ್ಟರೆ ಓದುಗರಿಗೆ ಅರ್ಧ ಸತ್ಯ ಬಡಿಸಿದಂತಾಗುತ್ತದೆ. ಎರಡನ್ನೂ ಎದುರುಬದುರಾಗಿ ಇಡಿ, ಪ್ರಸಂಗ ಇನ್ನಷ್ಟು ಸ್ವಾರಸ್ಯವಾದೀತು.

‘ಮೆಸ್ಸಿಯಾನ್ ಕರ್ನಾಟಕ ಸಂಗೀತವನ್ನು ಅರಗಿಸಿಕೊಂಡಿದ್ದರು’ ಎಂಬ ವಾಕ್ಯವನ್ನು ತೆಗೆದುಹಾಕಿ. ಅವರಿಗೆ ದೊರೆತದ್ದು ಹದಿಮೂರನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತ ರತ್ನಾಕರ’ವೆಂಬ ಶಾಸ್ತ್ರಗ್ರಂಥದಲ್ಲಿ ಹೇಳಿದ 120 ದೇಶೀ ತಾಳಗಳ ಪಟ್ಟಿ, ಅದೂ ಫ್ರೆಂಚ್ ಸಂಗೀತ ವಿಶ್ವಕೋಶವೊಂದರ ಪುಟಗಳಲ್ಲಿ. ನಮ್ಮ ವಿದ್ವಾಂಸರು ಕಛೇರಿಯಲ್ಲಿ ಹಾಕುವ ಆದಿ, ರೂಪಕಗಳು ಆ ಪಟ್ಟಿಯವಲ್ಲ, ಸೂಳಾದಿ ತಾಳಗಳೆಂಬ ಬೇರೆ ಪರಂಪರೆಯವು. ಮೆಸ್ಸಿಯಾನರ ಕೈಯಲ್ಲಿ ತಾಳಕ್ಕೆ ಎಡುಪಿಲ್ಲ, ಎಂದರೆ ಹಾಡು ಎತ್ತಿಕೊಳ್ಳುವ ಗೊತ್ತಾದ ಜಾಗವಿಲ್ಲ, ಕೈಯ ಘಾತವೂ ಇಲ್ಲ; ಉದ್ದ ಗಿಡ್ಡ ಕಾಲಪ್ರಮಾಣಗಳ ಒಂದು ಸಾಲು ಮಾತ್ರ ಇದೆ.

ಆ ಸಾಲಿನಿಂದ ಅವರು ಕಟ್ಟಿದ್ದೇನು ಎಂಬುದನ್ನೇ ನೀವು ಬರೆಯಬೇಕಿತ್ತು. ಚತುರ್ವಾದ್ಯದ ಮೊದಲ ಭಾಗದಲ್ಲಿ ಪಿಯಾನೋವನ್ನಷ್ಟೇ ಹಿಂಬಾಲಿಸಿ. ರಾಗವರ್ಧನವೇ ಮೊದಲಾದ ತಾಳಗಳಿಂದ ಕೂಡಿಸಿದ 17 ಕಾಲಪ್ರಮಾಣಗಳ ಸಾಲು ಒಂದು ಕಡೆ ಸುತ್ತುತ್ತಿರುತ್ತದೆ, 29 ಸ್ವರಮೇಳಗಳ (ಒಟ್ಟಿಗೆ ನುಡಿಸುವ ಸ್ವರಗುಂಪುಗಳ) ಸಾಲು ಇನ್ನೊಂದು ಕಡೆ. ಎರಡೂ ಮತ್ತೆ ಒಟ್ಟಿಗೆ ಮೊದಲಿಗೆ ಬರಬೇಕಾದರೆ ಪಿಯಾನೋ 493 ಸ್ವರಮೇಳಗಳನ್ನು ನುಡಿಸಿ ಮುಗಿಸಬೇಕು; ಭಾಗ ಅದಕ್ಕೆ ಬಹಳ ಮೊದಲೇ ನಿಂತುಹೋಗುತ್ತದೆ. ಮುಕ್ತಾಯದ ಲೆಕ್ಕ ಸಮಕ್ಕೆ ಬಂದು ಕೂಡುವುದನ್ನು ಕಾದು ಕೂತು ಅಭ್ಯಾಸವಿರುವ ನಮ್ಮ ಕೇಳುಗರಿಗೆ, ಕೂಡದೆಯೇ ಬಿಟ್ಟುಹೋದ ಈ ಲೆಕ್ಕ ‘ಕಾಲದ ಅಂತ್ಯ’ ಎಂಬ ಹೆಸರನ್ನು ನಿಮ್ಮ ಎರಡು ಪುಟಗಳ ತತ್ತ್ವವಿಚಾರಕ್ಕಿಂತ ಚೆನ್ನಾಗಿ ತಿಳಿಸೀತು.

ಅದೇ ಭಾಗದಲ್ಲಿ ವಾದ್ಯಗಳು ಅನುಕರಿಸುವ ಹಕ್ಕಿಗಳೆರಡನ್ನೂ ನೀವು ಕೋಗಿಲೆ ಎಂದಿದ್ದೀರಿ. ಅವು ಯುರೋಪಿನ ಹಾಡುಹಕ್ಕಿಗಳಾದ ಬ್ಲ್ಯಾಕ್‌ಬರ್ಡ್ ಮತ್ತು ನೈಟಿಂಗೇಲ್. ಹಕ್ಕಿಯ ಉಲಿಯನ್ನು ಕಾಡಿನಲ್ಲೇ ಕುಳಿತು ಬರೆದುಕೊಂಡು, 1956–58ರಲ್ಲಿ ಪಿಯಾನೋಗಾಗಿ ಒಂದೊಂದು ಹಕ್ಕಿಯ ಹೆಸರಿನ 13 ರಚನೆಗಳನ್ನು ಮಾಡಿದವರ ಬಗ್ಗೆ ಬರೆಯುವಾಗ, ಓದುಗರಿಗೆ ಹತ್ತಿರವಾಗಲಿ ಎಂದು ಹಕ್ಕಿಯನ್ನೇ ಬದಲಿಸುವುದು ಸಲ್ಲದು.

ಪರಿಷ್ಕರಿಸಿದ ಪ್ರತಿ ಐದು ಪುಟ ಮೀರದಿರಲಿ. ಮೆಸ್ಸಿಯಾನ್ ಎಂಬ ಹೆಸರನ್ನು ನೀವು ಮೂರು ಬಗೆಯಲ್ಲಿ ಬರೆದಿದ್ದೀರಿ. ಯಾವುದಾದರೂ ಒಂದನ್ನು ಗಟ್ಟಿಮಾಡಿಕೊಂಡು ಕಳುಹಿಸಿ.

ಇತಿ,
ಸಂಪಾದಕ