ಕೆಜಿಎನ್ ಕೋಶಗಳಿಗೆ ಎಫ್‌ಎಸ್‌ಎಚ್ ಕೊಟ್ಟರೂ ಎಸ್ಟ್ರಾಡಿಯಾಲ್ ಯಾಕೆ ಬರುತ್ತಿಲ್ಲ?

ಕೆಜಿಎನ್ ಕೋಶಗಳಿಗೆ (ಪ್ರಯೋಗಾಲಯದಲ್ಲಿ ಬೆಳೆಸುವ, ಅಂಡಾಶಯದ ಗ್ರ್ಯಾನುಲೋಸಾ ಬಗೆಯ ಕೋಶಗಳು) ಎರಡು ದಿನ ಎಫ್‌ಎಸ್‌ಎಚ್ (ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನ್) ಕೊಟ್ಟಿದ್ದೀರಿ. ಮೀಡಿಯಾದಲ್ಲಿ, ಅಂದರೆ ಕೋಶ ಬೆಳೆಯುವ ದ್ರವದಲ್ಲಿ, ಪ್ರೊಜೆಸ್ಟೆರಾನ್ ಇದೆ, ಎಸ್ಟ್ರಾಡಿಯಾಲ್ ಎಂಬ ಎಸ್ಟ್ರೋಜನ್ ಮಾತ್ರ ಇಲ್ಲ. ಕೋಶವೇ ಕೆಟ್ಟಿದೆಯಾ ಅಂತ ನಿಮ್ಮ ಪ್ರಶ್ನೆ. ನೀವು ಕೊಟ್ಟಿರುವ ಮೀಡಿಯಾ ಪಟ್ಟಿ ನೋಡಿದೆ. ಎಸ್ಟ್ರಾಡಿಯಾಲ್ ಮಾಡಲು ಬೇಕಾದ ಕಚ್ಚಾವಸ್ತು ಆಂಡ್ರೋಸ್ಟೀನ್‌ಡಯೋನ್ (ಒಂದು ಆಂಡ್ರೋಜನ್) ಅದರಲ್ಲಿ ಇಲ್ಲ. ಕೋಶ ಕೆಟ್ಟಿಲ್ಲ. ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿ ಮೊಸರಿಗೆ ಕಾಯುತ್ತಿದ್ದೀರಿ, ಅಷ್ಟೇ. ಪಿಎಚ್‌ಡಿ ಶುರುವಿನಲ್ಲಿ ನಾನೂ ಮೂರು ವಾರ ಹೀಗೇ ಕಾದಿದ್ದೆ.

ಅಂಡಾಶಯದಲ್ಲಿ ಈ ಕೆಲಸವನ್ನು ಎರಡು ಬಗೆಯ ಕೋಶಗಳು ಹಂಚಿಕೊಳ್ಳುತ್ತವೆ. ಕೊಲೆಸ್ಟೆರಾಲ್‌ನಲ್ಲಿ 27 ಇಂಗಾಲ. ಅದನ್ನು ಕತ್ತರಿಸಿದರೆ 21 ಇಂಗಾಲದ ಪ್ರೆಗ್ನೆನೊಲೋನ್, ಅದರಿಂದ ಪ್ರೊಜೆಸ್ಟೆರಾನ್. ಇಲ್ಲಿಯವರೆಗೆ ಗ್ರ್ಯಾನುಲೋಸಾ ಕೋಶ ತಾನೇ ಮಾಡಿಕೊಳ್ಳುತ್ತದೆ. ಮುಂದೆ 19 ಇಂಗಾಲದ ಆಂಡ್ರೋಜನ್ ಆಗಬೇಕಾದರೆ ಸಿವೈಪಿ17 ಎಂಬ ಕಿಣ್ವ ಬೇಕು. ಅದು ಇರುವುದು ಪಕ್ಕದ ಥೀಕಾ ಕೋಶದಲ್ಲಿ. ಥೀಕಾ ಮಾಡಿಕೊಟ್ಟ ಆಂಡ್ರೋಜನ್ನನ್ನು ಗ್ರ್ಯಾನುಲೋಸಾದ ಅರೋಮಟೇಸ್ ಎಂಬ ಕಿಣ್ವ 18 ಇಂಗಾಲದ ಎಸ್ಟ್ರೋಜನ್ ಮಾಡುತ್ತದೆ. ನಿಮ್ಮ ಪ್ಲೇಟಿನಲ್ಲಿ ಥೀಕಾ ಇಲ್ಲ. ಹಾಗಾಗಿ ಅದರ ಪಾಲನ್ನು ನೀವೇ ಕೊಡಬೇಕು. ಸಾಮಾನ್ಯವಾಗಿ 100 ನ್ಯಾನೊಮೋಲಾರ್ ಆಂಡ್ರೋಸ್ಟೀನ್‌ಡಯೋನ್ ಸಾಕು.

ಅದನ್ನು ಹಾಕಿದ ಕೂಡಲೇ ಇನ್ನೊಂದು ತಲೆನೋವು ಶುರುವಾಗುತ್ತದೆ. ಹಾರ್ಮೋನ್ ಅಳೆಯುವ ಎಲೈಸಾ ಕಿಟ್‌ನ ಆಂಟಿಬಾಡಿ ನೀವು ಹಾಕಿದ ಆಂಡ್ರೋಜನ್ನನ್ನೇ ಸ್ವಲ್ಪ ಹಿಡಿದುಕೊಂಡು ಎಸ್ಟ್ರಾಡಿಯಾಲ್ ಅಂತ ತೋರಿಸಬಹುದು. ಅದಕ್ಕೆ ಕೋಶವೇ ಇಲ್ಲದ ಒಂದು ವೆಲ್‌ಗೆ (ಪ್ಲೇಟಿನ ಗುಳಿಗೆ) ಅದೇ ಮೀಡಿಯಾ, ಅದೇ ಆಂಡ್ರೋಸ್ಟೀನ್‌ಡಯೋನ್ ಹಾಕಿಡಿ. ಕೋಶ ಇರುವ ಇನ್ನೊಂದು ವೆಲ್‌ಗೆ ಲೆಟ್ರೊಜೋಲ್ ಸೇರಿಸಿ. ಅದು ಅರೋಮಟೇಸನ್ನು ತಡೆಯುತ್ತದೆ. ಅಲ್ಲೂ ಎಸ್ಟ್ರಾಡಿಯಾಲ್ ಇಳಿಯದಿದ್ದರೆ ನೀವು ಅಳೆಯುತ್ತಿರುವುದು ಬೇರೆ ಏನನ್ನೋ. ನನ್ನ ಮೊದಲ 'ಅದ್ಭುತ' ಗ್ರಾಫ್ ಬಿದ್ದುಹೋಗಿದ್ದು ಈ ಲೆಟ್ರೊಜೋಲ್ ವೆಲ್‌ನಿಂದಲೇ.

ಮೀಡಿಯಾ ಬಗ್ಗೆ ಇನ್ನೆರಡು ಮಾತು. ಕರುವಿನ ಸೀರಮ್‌ನಲ್ಲೇ ಸ್ಟೀರಾಯ್ಡ್‌ಗಳಿರುತ್ತವೆ. ಪ್ರಯೋಗದ ಹೊತ್ತಿಗೆ ಸೀರಮ್ ಇಲ್ಲದ ಮೀಡಿಯಾ ಬಳಸಿ, ಇಲ್ಲವೇ ಇದ್ದಿಲಿನಿಂದ ಶುದ್ಧ ಮಾಡಿದ ಸೀರಮ್ ಹಾಕಿ. ಫಿನಾಲ್ ರೆಡ್ ಬಣ್ಣವೂ ಎಸ್ಟ್ರೋಜನ್ ತರಹ ಸ್ವಲ್ಪ ವರ್ತಿಸುತ್ತದೆ, ಅದಿಲ್ಲದ ಮೀಡಿಯಾವೇ ಒಳ್ಳೆಯದು. ಕೊನೆಗೆ ಬಂದ ಅಂಕಿಯನ್ನು ವೆಲ್‌ನ ಒಟ್ಟು ಪ್ರೋಟೀನ್‌ನಿಂದ ಭಾಗಿಸಿ. ಕೋಶ ಜಾಸ್ತಿ ಇದ್ದರೆ ಹಾರ್ಮೋನೂ ಜಾಸ್ತಿ, ಅಲ್ವಾ?

ಎಫ್‌ಎಸ್‌ಎಚ್ ಮೇಲೂ ಪೂರ್ತಿ ಭಾರ ಹಾಕಬೇಡಿ. ನನ್ನ ಕೈಯಲ್ಲಿದ್ದ ಕೆಜಿಎನ್ ಅದಕ್ಕೆ ಅಷ್ಟಾಗಿ ಓಗೊಡುತ್ತಿರಲಿಲ್ಲ. ಎಫ್‌ಎಸ್‌ಎಚ್ ಗ್ರಾಹಕವನ್ನು ದಾಟಿ, ಕೋಶದೊಳಗಿನ ಸಂದೇಶವಾಹಕ ಸೈಕ್ಲಿಕ್ ಎಎಂಪಿಯನ್ನು ಸೀದಾ ಏರಿಸುವ ಫೋರ್ಸ್ಕೋಲಿನ್, 10 ಮೈಕ್ರೊಮೋಲಾರ್, ಒಂದು ವೆಲ್‌ನಲ್ಲಿ ಇರಲಿ. ಅದಕ್ಕೆ ಉತ್ತರ ಬಂದು ಎಫ್‌ಎಸ್‌ಎಚ್‌ಗೆ ಬರದಿದ್ದರೆ ತೊಂದರೆ ಗ್ರಾಹಕದಲ್ಲಿದೆ ಅಥವಾ ನಿಮ್ಮ ಎಫ್‌ಎಸ್‌ಎಚ್ ಸೀಸೆಯಲ್ಲಿದೆ.

ಇವು ಗಡ್ಡೆಯ ಕೋಶಗಳು ಅನ್ನುವುದೂ ನೆನಪಿರಲಿ. 63 ವರ್ಷದ ಜಪಾನಿ ಮಹಿಳೆಯ ಗ್ರ್ಯಾನುಲೋಸಾ ಗಡ್ಡೆಯಿಂದ ಬಂದ ಇವುಗಳ ವರದಿ 2001ರಲ್ಲಿ ಪ್ರಕಟವಾಯಿತು. ಆ ಜಾತಿಯ ಗಡ್ಡೆಗಳಲ್ಲಿ ಸಾಮಾನ್ಯವಾದ ಫಾಕ್ಸ್ಎಲ್2 ಜೀನ್‌ನ ಬದಲಾವಣೆ ಇವುಗಳಲ್ಲೂ ಇದೆ. 'ಐವಿಎಫ್ ಕೇಂದ್ರದಿಂದ ತಾಜಾ ಕೋಶ ತಂದರೆ ವಾಸಿಯಾ?' ಅಂತಲೂ ಕೇಳಿದ್ದೀರಿ. ಎಥಿಕ್ಸ್ ಸಮಿತಿಯ ಒಪ್ಪಿಗೆ, ಮಹಿಳೆಯರ ಒಪ್ಪಿಗೆ ಎರಡೂ ಸಿಕ್ಕರೆ ಖಂಡಿತ ತನ್ನಿ. ಆದರೆ ಅಂಡ ತೆಗೆಯುವ ಮೊದಲು ಕೊಟ್ಟ ಚುಚ್ಚುಮದ್ದಿನಿಂದ ಅವು ಆಗಲೇ ಲ್ಯೂಟಿಯಲ್ ದಾರಿ (ಅಂಡ ಬಿಡುಗಡೆಯ ನಂತರದ ಹಂತ) ಹಿಡಿದಿರುತ್ತವೆ. ಪ್ರೊಜೆಸ್ಟೆರಾನ್ ಸುರಿಸುತ್ತವೆ. ಜೊತೆಗೆ ಕೆಂಪು ರಕ್ತಕಣಗಳನ್ನು ಬೇರ್ಪಡಿಸುವ ಕೆಲಸ ಬೇರೆ. ಮತ್ತೆ, ಅವುಗಳಿಗೂ ಆಂಡ್ರೋಜನ್ ನೀವೇ ಕೊಡಬೇಕು.