ಮಳೆಗಾಲದ ಆನ್‌ಲೈನ್ ತರಗತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ವಿಶ್ವವಿದ್ಯಾಲಯವೊಂದರ ಆನ್‌ಲೈನ್ ಎಂ.ಎ.ಗೆ ಒಂದು ಪತ್ರಿಕೆ ಪಾಠ ಮಾಡುತ್ತಿದ್ದೇನೆ. 42 ವಿದ್ಯಾರ್ಥಿಗಳಿದ್ದಾರೆ. ಜೂನ್ ಕಳೆದ ಮೇಲೆ ಲೈವ್ ತರಗತಿಯಲ್ಲಿ ಕೊನೆಯವರೆಗೆ ಉಳಿಯುವವರು ಹತ್ತು ಹನ್ನೆರಡು ಜನ. ಜೋಯಿಡಾ, ಸಿದ್ದಾಪುರ ಕಡೆಯವರು ನಡುವೆಯೇ ಕಟ್ಟಾಗುತ್ತಾರೆ. ಹಾಜರಿ ಕಡ್ಡಾಯ ಮಾಡಲೇ?
– ಉಪನ್ಯಾಸಕಿ, ಶಿರಸಿ

ಉತ್ತರ: ದಯವಿಟ್ಟು ಬೇಡ. ಸಿಗ್ನಲ್ಲಿಗಾಗಿ ಕೊಡೆ ಹಿಡಿದು ಬೆಟ್ಟದ ನೆತ್ತಿಯಲ್ಲಿ ಕೂತವಳ ಹಾಜರಿಯನ್ನು ಟವರ್ ಕೈಕೊಟ್ಟಿತೆಂದು ಕತ್ತರಿಸಿದರೆ ಅವಳು ಮುಂದಿನ ವಾರ ಬರುವುದೇ ಇಲ್ಲ. ಬದಲಾಗಬೇಕಾದದ್ದು ಪಾಠ ಕಳಿಸುವ ಕ್ರಮ.

ಮೊದಲು ಲೆಕ್ಕ ನೋಡಿ. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಬರುವ ವಿಡಿಯೊ ತರಗತಿ ಗಂಟೆಗೆ ಸುಮಾರು 450 ಎಂಬಿ ತಿನ್ನುತ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದ್ದವರಿಗೆ ಮೂರು ತರಗತಿಗೆ ಡೇಟಾ ಖಾಲಿ. ಅದೇ ಒಂದು ಗಂಟೆಯ ಮಾತನ್ನು 64 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ವೇಗದ ಮೋನೊ, ಅಂದರೆ ಒಂದೇ ವಾಹಿನಿಯ, ಆಡಿಯೊ ಮಾಡಿದರೆ 30 ಎಂಬಿಗೂ ಕಡಿಮೆ. ಸ್ಲೈಡ್ ಮತ್ತು ದನಿ ಮಾತ್ರ ಇರುವ 15 ನಿಮಿಷದ ವಿಡಿಯೊವನ್ನು 300 ಕೆಬಿಪಿಎಸ್‌ಗೆ ಇಳಿಸಿದರೆ ಸುಮಾರು 34 ಎಂಬಿ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ 480ಪಿ, ಸೆಕೆಂಡಿಗೆ 15 ಫ್ರೇಮ್, ಮೋನೊ ದನಿ ಎಂದು ಆರಿಸಿಕೊಂಡರೆ ಸಾಕು. ಸ್ಲೈಡಿನ ಅಕ್ಷರ 28 ಪಾಯಿಂಟಿಗಿಂತ ಚಿಕ್ಕದಾಗದಿರಲಿ. ಆರಿಂಚಿನ ಫೋನಿನಲ್ಲಿ ಓದುವವರೇ ಹೆಚ್ಚು.

ವಾರದ ಸಾಮಗ್ರಿಯನ್ನು ಶುಕ್ರವಾರವೇ ಒಟ್ಟಾಗಿ ಏರಿಸಿ: 12ರಿಂದ 15 ನಿಮಿಷದ ಮೂರು ವಿಡಿಯೊ, ಅವುಗಳದೇ ಆಡಿಯೊ, ಎಂಟು ಹತ್ತು ಪುಟದ ಟಿಪ್ಪಣಿ, ಒಂದು ಸಣ್ಣ ಕೆಲಸ. ಶನಿವಾರ ಶಿರಸಿ ಪೇಟೆಗೋ ಯಲ್ಲಾಪುರ ಪೇಟೆಗೋ ಬಂದವರು ಸಿಗ್ನಲ್ ಇರುವಲ್ಲಿ ಇಳಿಸಿಕೊಂಡು ಮನೆಗೆ ಹೋಗಲಿ. ಲೈವ್ ತರಗತಿ ವಾರಕ್ಕೊಂದು, 40 ನಿಮಿಷ, ಸಂಶಯ ಕೇಳುವುದಕ್ಕೆ ಮಾತ್ರ. ಕ್ಯಾಮೆರಾ ಆಫ್ ಇರಲಿ, ರೆಕಾರ್ಡ್ ಆಗಲಿ. ಹೊಸ ಪಾಠವನ್ನು ಅಲ್ಲಿ ಶುರು ಮಾಡಬೇಡಿ.

ನಿಮ್ಮಲ್ಲಿ ಮೂಡಲ್ (ಆನ್‌ಲೈನ್ ಕೋರ್ಸ್ ನಡೆಸುವ ತಂತ್ರಾಂಶ) ಇದ್ದರೆ ಅದರ ಮೊಬೈಲ್ ಆ್ಯಪಿನಲ್ಲಿ ಇಡೀ ಕೋರ್ಸನ್ನು ಇಳಿಸಿಕೊಳ್ಳಬಹುದು, ನೆಟ್ ಇಲ್ಲದೆ ಕ್ವಿಜ್ ಕೂಡ ಬರೆಯಬಹುದು. ಆದರೆ ಕ್ವಿಜ್ ಸೆಟ್ಟಿಂಗಿನಲ್ಲಿ ಆಫ್‌ಲೈನ್ ಅನುಮತಿ ಕೊಟ್ಟರಷ್ಟೇ ಸಾಲದು. ಸಮಯದ ಮಿತಿ ಹಾಕಿದ್ದರೆ ಆಫ್‌ಲೈನ್ ನಡೆಯುವುದಿಲ್ಲ. ಉತ್ತರದ ಪ್ರತಿಕ್ರಿಯೆ 'ಡಿಫರ್ಡ್ ಫೀಡ್‌ಬ್ಯಾಕ್' (ಎಲ್ಲ ಉತ್ತರ ಒಪ್ಪಿಸಿದ ಮೇಲಷ್ಟೇ ಸರಿ-ತಪ್ಪು ತೋರಿಸುವುದು) ಎಂದೇ ಇರಬೇಕು. 'ಅನುಮತಿ ಕೊಟ್ಟೆ, ಆದರೂ ಆಗಲಿಲ್ಲ' ಎನ್ನುವವರು ಮೊದಲು ನೋಡಬೇಕಾದದ್ದು ಈ ಎರಡು ಜಾಗ.

ಗಡುವನ್ನು ಭಾನುವಾರ ರಾತ್ರಿ 11.59 ಎಂದು ಇಡುವ ರೂಢಿ ಬಿಡಿ. ಆ ಹೊತ್ತಿಗೆ ಕರೆಂಟು ಹೋದರೆ ಕೇಳಲು ಯಾರೂ ಎಚ್ಚರವಿರುವುದಿಲ್ಲ. ಬುಧವಾರ ಸಂಜೆ 5 ಗಂಟೆ ಒಳ್ಳೆಯದು. ಮೂಡಲ್‌ನಲ್ಲಿ 'ಡ್ಯೂ ಡೇಟ್' ಬೇರೆ, 'ಕಟ್-ಆಫ್ ಡೇಟ್' ಬೇರೆ. ಮೊದಲನೆಯದು ದಾಟಿದರೆ 'ತಡ' ಎಂದು ಗುರುತಾಗುತ್ತದೆ, ಎರಡನೆಯದು ದಾಟಿದ ಮೇಲೆ ಬಾಗಿಲು ಮುಚ್ಚುತ್ತದೆ. ಇವೆರಡರ ನಡುವೆ ಮಳೆಗಾಲದಲ್ಲಿ 48 ಗಂಟೆಯಾದರೂ ಬಿಡಿ, ಮತ್ತು ಹಾಗೆ ಬಿಟ್ಟಿದ್ದೀರೆಂದು ಎಲ್ಲರಿಗೂ ಹೇಳಿಬಿಡಿ.

ಪ್ರಶ್ನೆ: ಮೊದಲ ವಾರ ಎಲ್ಲರೂ ಲಾಗಿನ್ ಆಗುತ್ತಾರೆ. ಮೂರನೇ ವಾರಕ್ಕೆ ಮೂರರಲ್ಲಿ ಒಂದು ಪಾಲು ಕಾಣೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಷ್ಟು ನೆನಪಿಸಿದರೂ ಉತ್ತರವಿಲ್ಲ.
– ಕೋರ್ಸ್ ಸಂಯೋಜಕರು, ಕಾರವಾರ

ಉತ್ತರ: ಗುಂಪಿನಲ್ಲಿ ಹಾಕಿದ ಮಾತು ಯಾರಿಗೂ ತನಗೇ ಹೇಳಿದ್ದು ಅನ್ನಿಸುವುದಿಲ್ಲ. ಹಿಂದೆ ಬಿದ್ದವರಿಗಂತೂ ಅಲ್ಲಿ ಬಾಯಿ ಬಿಡಲು ಸಂಕೋಚ. ಪ್ರತಿ ಸೋಮವಾರ ಮೂಡಲ್‌ನಲ್ಲಿರುವ ವಿದ್ಯಾರ್ಥಿಗಳ ಪಟ್ಟಿಯನ್ನು 'ಕೊನೆಯ ಪ್ರವೇಶ' ಕಾಲಂ ಪ್ರಕಾರ ಜೋಡಿಸಿ ನೋಡಿ. ಏಳು ದಿನ ಬಾರದವರಿಗೆ ಹೆಸರು ಹಿಡಿದು ಒಂದು ಖಾಸಗಿ ಸಂದೇಶ. ಹತ್ತು ದಿನವಾದರೆ ಫೋನ್ ಮಾಡಿ. ಇಡೀ ಕೋರ್ಸಿನಲ್ಲಿ ಇದಕ್ಕಿಂತ ಫಲ ಕೊಡುವ ಕೆಲಸ ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಫೋನಿನಲ್ಲಿ 'ಯಾಕೆ ಬರಲಿಲ್ಲ' ಎಂದು ಶುರು ಮಾಡಿದರೆ ಎದುರಿಗೆ ಮೌನ. 'ಮನೆಯಲ್ಲಿ ಎಲ್ಲ ಆರಾಮಾ? ನೀವು ಕೊನೆಗೆ ತೆರೆದ ಪಾಠ ಯಾವುದು?' ಎಂದು ಕೇಳಿ. ಉತ್ತರದಲ್ಲೇ ತೊಡಕು ಸಿಗುತ್ತದೆ. ಪಾಸ್‌ವರ್ಡ್ ಮರೆತಿದ್ದಾರೆ, ಒಟಿಪಿ ಹೋಗುವುದು ಗೋವಾದಲ್ಲಿ ದುಡಿಯುವ ಅಣ್ಣನ ನಂಬರಿಗೆ. ಮನೆಗೆ ಒಂದೇ ಸ್ಮಾರ್ಟ್‌ಫೋನ್, ರಾತ್ರಿ ಒಂಬತ್ತಕ್ಕೆ ಕೈಗೆ ಬರುತ್ತದೆ. ನವೆಂಬರ್ ನಂತರ ಘಟ್ಟದ ಮೇಲೆ ಅಡಿಕೆ ಗೊನೆಯ ಕೊಯ್ಲು, ರಾತ್ರಿಯೆಲ್ಲ ಅಡಿಕೆ ಸುಲಿಯುವ ಕೆಲಸ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆ ನಿಷೇಧ ಮುಗಿದ ಕೂಡಲೇ ಬಂದರಿನ ಮನೆಗಳಲ್ಲಿ ಬೆಳಗಿನ ಹೊತ್ತು ಯಾರಿಗೂ ಬಿಡುವಿಲ್ಲ. ಸೆಮಿಸ್ಟರಿನ ದೊಡ್ಡ ಪ್ರಾಜೆಕ್ಟನ್ನು ಆಗಸ್ಟ್ ಮೊದಲ ವಾರಕ್ಕೋ ಕೊಯ್ಲಿನ ನಡುವೆಯೋ ಇಡುವ ಮುನ್ನ ಇದು ನೆನಪಿರಲಿ.

ಅರ್ಧಕ್ಕೆ ನಿಲ್ಲುವವರಲ್ಲಿ ಹಲವರು ನಿಂತದ್ದು ಪಾಠ ಅರ್ಥವಾಗದೆ ಅಲ್ಲ, ಉತ್ತರ ಏರಿಸಲಾಗದೆ. ನಾಲ್ಕು ಪುಟ ಕೈಬರಹದ ಫೋಟೊ, ಒಂದೊಂದೂ 4 ಎಂಬಿ. ಅಪ್‌ಲೋಡ್ ಎಂಬತ್ತು ಪರ್ಸೆಂಟಿಗೆ ಬಂದು ನಿಲ್ಲುತ್ತದೆ, ಮತ್ತೆ ಸೊನ್ನೆಯಿಂದ ಶುರು. ಎರಡು ಮೂರು ಸಲ ಹೀಗಾದರೆ ಯಾರಿಗಾದರೂ ಬೇಸರ ಬರುತ್ತದೆ. ಆದ್ದರಿಂದ ಪಾಠ ಆರಂಭಕ್ಕೆ ಮುನ್ನ ಒಂದು 'ಸೊನ್ನೆ ವಾರ' ಇಟ್ಟು ಮೂರೇ ಕೆಲಸ ಮಾಡಿಸಿ: ಲಾಗಿನ್ ಆಗುವುದು, ಸ್ಕ್ಯಾನ್ ಆ್ಯಪಿನಲ್ಲಿ ಒಂದು ಪುಟವನ್ನು ಕಪ್ಪು-ಬಿಳುಪು ಪಿಡಿಎಫ್ ಮಾಡಿ ಏರಿಸುವುದು, ಒಂದು ಪರೀಕ್ಷಾ ಕರೆಗೆ ಸೇರುವುದು. ನಾಲ್ಕು ಪುಟದ ಪಿಡಿಎಫ್ 2 ಎಂಬಿ ಒಳಗೆ ಬರಬೇಕು. ಇದರಲ್ಲಿ ಎಡವಿದವರನ್ನು ಆಗಲೇ ಗುರುತಿಸಿ ಕೈಹಿಡಿಯಬಹುದು.

ತಾಲ್ಲೂಕುವಾರು ಐದಾರು ಜನರ ತಂಡ ಮಾಡಿ: ಕಾರವಾರ–ಅಂಕೋಲಾ ಒಂದು, ಕುಮಟಾ–ಹೊನ್ನಾವರ–ಭಟ್ಕಳ ಇನ್ನೊಂದು, ಹೀಗೆ. ಒಬ್ಬರು ಇಳಿಸಿಕೊಂಡದ್ದು ಪೆನ್‌ಡ್ರೈವಿನಲ್ಲಿ ಇನ್ನೊಬ್ಬರಿಗೆ ತಲುಪುತ್ತದೆ. ಮನೆಮಾತು ಕೊಂಕಣಿ ಆದವರಿಗೆ ಬರೆಯುವುದಕ್ಕಿಂತ ಹೇಳುವುದು ಸಲೀಸಾದರೆ ಸಣ್ಣ ಕೆಲಸಗಳಿಗೆ ಮೂರು ನಿಮಿಷದ ಧ್ವನಿ ಉತ್ತರ ಒಪ್ಪಿಕೊಳ್ಳಿ. ಕಡತಗಳನ್ನು ಮಾತ್ರ ವಾಟ್ಸ್‌ಆ್ಯಪಿನಲ್ಲಿ ಹಂಚಬೇಡಿ. ತಡವಾಗಿ ಸೇರಿದವರಿಗೆ ಹಳೆಯವೆಲ್ಲ ಸಿಗುವುದಿಲ್ಲ, ಯಾರು ಕಡತ ತೆರೆದರೆಂಬ ದಾಖಲೆಯೂ ಉಳಿಯುವುದಿಲ್ಲ.

ಅಂದಹಾಗೆ, 2002ರಲ್ಲಿ ಮೂಡಲ್ ಹೊರತಂದ ಮಾರ್ಟಿನ್ ಡೌಗಿಯಾಮಸ್ ಚಿಕ್ಕಂದಿನಲ್ಲಿ ಓದಿದ್ದು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ, ಶಾರ್ಟ್‌ವೇವ್ ರೇಡಿಯೊ ಮೂಲಕ. ದೂರದ ಊರಿನ ಮಕ್ಕಳಿಗೆ ಪಾಠ ಮುಟ್ಟಿಸುವುದು ಇಂಟರ್‌ನೆಟ್ಟಿಗಿಂತ ಹಳೆಯ ಕಸುಬು.

ಪ್ರಶ್ನೆ: ನಮ್ಮ ಕೋರ್ಸಿನಲ್ಲಿ ಒಬ್ಬ ಅಂಧ ವಿದ್ಯಾರ್ಥಿ ಇದ್ದಾರೆ. ನಾನು ಕೊಟ್ಟ ಕನ್ನಡ ಪಿಡಿಎಫ್ ಅವರ ಫೋನಿನಲ್ಲಿ ಏನೇನೋ ಓದುತ್ತದಂತೆ. ಇಂಗ್ಲಿಷಿನದು ಸರಿಯಾಗಿದೆ.
– ಅತಿಥಿ ಉಪನ್ಯಾಸಕ, ಹೊನ್ನಾವರ

ಉತ್ತರ: ಟಿಪ್ಪಣಿ ಹಳೆಯ ನುಡಿ ಫಾಂಟಿನಲ್ಲಿ ಟೈಪಾಗಿರಬೇಕು. ಪರದೆಯ ಮೇಲೆ 'ಕನ್ನಡ' ಎಂದು ಕಂಡರೂ ಒಳಗೆ ಇರುವುದು ಇಂಗ್ಲಿಷಿನ ಪಿ, ಪೌಂಡ್ ಹಣದ ಚಿಹ್ನೆ, ಕ್ಯೂ ಮುಂತಾದವು. ಓದುವ ತಂತ್ರಾಂಶ ಅದನ್ನೇ ಓದುತ್ತದೆ. ಒಂದು ಸಾಲನ್ನು ನಕಲಿಸಿ ವಾಟ್ಸ್‌ಆ್ಯಪಿನಲ್ಲಿ ಅಂಟಿಸಿ ನೋಡಿ, ಗೊತ್ತಾಗುತ್ತದೆ.

ಮೂಲ ವರ್ಡ್ ಕಡತವನ್ನು ಫಾಂಟ್ ಪರಿವರ್ತಕದಲ್ಲಿ ಹಾಕಿ ಯುನಿಕೋಡ್ (ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತ) ಮಾಡಿ. ಆಮೇಲೆ ಕಣ್ಣಿಟ್ಟು ನೋಡಬೇಕಾದ್ದು ಅರ್ಕಾವತ್ತು, ವಟ್ರಸುಳಿ, ಮತ್ತು ನಡುವೆ ಬರುವ ಇಂಗ್ಲಿಷ್ ಪದಗಳು. ಪರಿವರ್ತಕ ಅವನ್ನೂ ಕನ್ನಡವೆಂದೇ ತಿಳಿದು ಕೆಡಿಸಿರುತ್ತದೆ. ಪುಸ್ತಕದ ಪುಟದ ಫೋಟೊ ಆಗಿದ್ದರೆ ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ, ಅಕ್ಷರಗಳು ಬರುತ್ತವೆ. ತಿದ್ದುವ ಕೆಲಸ ನಿಮ್ಮದು. ಯುನಿಕೋಡ್ ಆದರೂ ಪಿಡಿಎಫ್‌ನಲ್ಲಿ ಕನ್ನಡದ ಒತ್ತಕ್ಷರಗಳು ಹಿಂದುಮುಂದಾಗುವುದುಂಟು. ಅವರಿಗೆ ವರ್ಡ್ ಕಡತವನ್ನೇ ಕೊಡಿ, ಶೀರ್ಷಿಕೆಗಳಿಗೆ 'ಹೆಡಿಂಗ್' ಸ್ಟೈಲ್ ಹಾಕಿ, ಚಿತ್ರಕ್ಕೆ ಎರಡು ಸಾಲು ವಿವರಣೆ ಬರೆಯಿರಿ. ಫೋನಿನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್‌ಗೆ ಕನ್ನಡ ಧ್ವನಿ ಇಳಿಸಿಕೊಂಡಿದ್ದಾರೆಯೇ ಎಂದೂ ವಿಚಾರಿಸಿ.

ಪ್ರಶ್ನೆ: ಮಗಳಿಗೆ ಆನ್‌ಲೈನ್ ಪದವಿ ಮಾಡಿಸಬೇಕೆಂದಿದ್ದೇವೆ. ಮುಂದೆ ಸರ್ಕಾರಿ ಕೆಲಸಕ್ಕೆ ನಡೆಯುತ್ತದೆಯೇ?
– ಪಾಲಕರು, ಅಂಕೋಲಾ

ಉತ್ತರ: ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ಇದ್ದರೆ ಆನ್‌ಲೈನ್ ಪದವಿ ರೆಗ್ಯುಲರ್ ಪದವಿಗೆ ಸಮಾನವೆಂದು ಯುಜಿಸಿ 2022ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದೆ. ವಿಶ್ವವಿದ್ಯಾಲಯದ ಹೆಸರು ಪಟ್ಟಿಯಲ್ಲಿದ್ದರೆ ಸಾಲದು, ನೀವು ಸೇರುವ ಕೋರ್ಸಿಗೆ ಆ ವರ್ಷದ ಅನುಮತಿ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ಬ್ಯೂರೊ ಜಾಲತಾಣದಲ್ಲಿ ನೋಡಿ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು ಪದವಿಗಳನ್ನು ಈ ಮಾದರಿಯಲ್ಲಿ ಕೊಡುವಂತಿಲ್ಲ. ಪ್ರವೇಶಕ್ಕೆ ಡಿಇಬಿ ಐಡಿ (ಆ ಬ್ಯೂರೊದ ಗುರುತಿನ ಸಂಖ್ಯೆ) ಬೇಕು, ಅದಕ್ಕೆ ಮೊದಲು ಎಬಿಸಿ ಐಡಿ (ಕ್ರೆಡಿಟ್‌ಗಳನ್ನು ಜಮಾ ಇಡುವ 'ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್' ಖಾತೆಯ ಸಂಖ್ಯೆ). ಫೀ ನೇರವಾಗಿ ವಿಶ್ವವಿದ್ಯಾಲಯದ ಖಾತೆಗೇ ಹೋಗಲಿ. ಫ್ರಾಂಚೈಸಿಗೆ, ಅಂದರೆ ವಿಶ್ವವಿದ್ಯಾಲಯದ ಹೆಸರಲ್ಲಿ ಕೋರ್ಸ್ ನಡೆಸುವ ಖಾಸಗಿ ಕೇಂದ್ರಕ್ಕೆ, ಅವಕಾಶವೇ ಇಲ್ಲ.

ಪ್ರಶ್ನೆ: ಮನೆಗೆ ಫೈಬರ್ ಇದೆ. ಕರೆಂಟು ಹೋದ ಕೂಡಲೇ ನೆಟ್ಟೂ ಹೋಗುತ್ತದೆ. ಇನ್ವರ್ಟರ್ ಹಾಕಿಸುವಷ್ಟು ಅನುಕೂಲವಿಲ್ಲ.
– ಬಿ.ಎ. ವಿದ್ಯಾರ್ಥಿನಿ, ಯಲ್ಲಾಪುರ ತಾಲ್ಲೂಕು

ಉತ್ತರ: ರೂಟರಿಗೆಂದೇ ಪುಟ್ಟ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುನ್ನ ರೂಟರಿನ ಅಡಾಪ್ಟರ್ ಮೇಲಿನ ಬರಹ ಓದಿ: ಸಾಮಾನ್ಯವಾಗಿ 12 ವೋಲ್ಟ್, 1 ಅಥವಾ 2 ಆಂಪಿಯರ್. ಯುಪಿಎಸ್‌ನ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಹೆಚ್ಚು. ಪಿನ್ನಿನ ಗಾತ್ರವೂ ಹೊಂದಬೇಕು. ಫೈಬರಿನ ಪೆಟ್ಟಿಗೆ ಬೇರೆ, ವೈಫೈ ಪೆಟ್ಟಿಗೆ ಬೇರೆ ಇದ್ದರೆ ಎರಡಕ್ಕೂ ಬ್ಯಾಟರಿ ಬೇಕು; ಒಂದಕ್ಕೆ ಮಾತ್ರ ಕೊಟ್ಟು 'ನೆಟ್ ಬರುತ್ತಿಲ್ಲ' ಎನ್ನುವವರು ಹಲವರು. 8800 ಎಂಎಎಚ್ ಎಂದು ಬರೆದದ್ದರಲ್ಲಿ 3.7 ವೋಲ್ಟಿನ ಲೆಕ್ಕಕ್ಕೆ ಸುಮಾರು 32 ವ್ಯಾಟ್-ಅವರ್ ಇರುತ್ತದೆ, ಸೋರಿಕೆ ಕಳೆದು 8 ವ್ಯಾಟ್ ರೂಟರಿಗೆ ಸುಮಾರು ಮೂರು ಗಂಟೆ. ಗುಡುಗು ಶುರುವಾದರೆ ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಕಿತ್ತುಬಿಡಿ. ಬ್ಯಾಟರಿಯ ಮೇಲೆ ತರಗತಿ ನಡೆಯುತ್ತಿರುತ್ತದೆ.