ತವರಿನ ತೋಟದಲ್ಲಿ ಪಾಲು ಕೇಳಿದರೆ ತವರು ತಪ್ಪುತ್ತದೆಯೇ?

ಅಪ್ಪ ತೀರಿಕೊಂಡ ಮೇಲೆ ಮೂಡಿಗೆರೆಯ ಕಾಫಿ ತೋಟಕ್ಕೆ ಅಣ್ಣ ಹಕ್ಕು ಬಿಡುಗಡೆ ಪತ್ರದ ಸಹಿ ಕೇಳುತ್ತಿದ್ದಾರೆ, ಪಾಲು ಕೇಳಿದರೆ ಗೌರಿ ಹಬ್ಬದ ಬಾಗಿನವೂ ನಿಲ್ಲುತ್ತದೆ ಎಂದು ಅಮ್ಮ ಹೆದರುತ್ತಾರೆ, ಪಾಲು ಬೇಕೋ ತವರು ಬೇಕೋ ಎಂದು ಕೇಳಿದ್ದೀರಿ. ಈ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ನಿಮ್ಮ ಅಣ್ಣನಿಗೆ ಯಾರೂ ಹೇಳಿಲ್ಲ.

ನಮ್ಮ ಕಡೆ ಹಣ್ಣು ಕೊಯ್ಯುವುದು, ಕಣದಲ್ಲಿ ಹರವಿ ಒಣಗಿಸುವುದು ಬಹುಪಾಲು ಹೆಂಗಸರೇ. ಪಹಣಿಯಲ್ಲಿ ಮಾಲೀಕರ ಹೆಸರು ಬರೆಯುವ 9ನೇ ಕಾಲಂನಲ್ಲಿ ಮಾತ್ರ ಗಂಡಸರ ಹೆಸರು. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಮುಗಿಸುವುದು ರೂಢಿ, ಕಾನೂನಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಂತೆ ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ಮದುವೆಯಾಗಿದ್ದರೂ ಅಷ್ಟೇ. ತಿದ್ದುಪಡಿಯ ದಿನ ಅಪ್ಪ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗ ಪತ್ರ ಇದ್ದರೆ ಅದನ್ನು ಕೆದಕಲಾಗದು. ತೋಟ ಅಪ್ಪನ ಸ್ವಯಾರ್ಜಿತವಾಗಿದ್ದು ವಿಲ್ ಇಲ್ಲದಿದ್ದರೆ ಅಮ್ಮ, ಅಣ್ಣ, ನೀವು ಸಮಪಾಲು: ತೋಟ ಆರು ಎಕರೆ ಇದ್ದರೆ ತಲಾ ಎರಡು. ಅಪ್ಪನ ತಾಯಿ ಇದ್ದರೆ ನಾಲ್ಕು ಪಾಲು.

ಹೆಣ್ಣುಮಕ್ಕಳು ಸೋಲುವುದು ಕೋರ್ಟಿನಲ್ಲಲ್ಲ, ಉಪನೋಂದಣಾಧಿಕಾರಿ ಕಚೇರಿಯಲ್ಲಿ. "ಪೌತಿ ಖಾತೆಗೆ ಒಂದು ಸಹಿ ಬೇಕು" ಎಂದು ಕರೆದುಕೊಂಡು ಹೋಗುತ್ತಾರೆ. ಪೌತಿ ಖಾತೆ ಎಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು, ಅದಕ್ಕೆ ಹಕ್ಕು ಬಿಡುವ ಅಗತ್ಯವೇ ಇಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ವಾರಸುದಾರರೆಲ್ಲರ ಹೆಸರಿಗೂ ಜಂಟಿ ಖಾತೆ ಕೇಳಬಹುದು. ಖಾತೆ ಕಂದಾಯದ ದಾಖಲೆ. ಅದು ತಪ್ಪಾದರೂ ಹಕ್ಕು ಹೋಗುವುದಿಲ್ಲ. ಬಿಡುಗಡೆ ಪತ್ರ ಹಾಗಲ್ಲ. ನೋಂದಣಿಯಾದ ಕ್ಷಣ ನಿಮ್ಮ ಹಕ್ಕು ಅಣ್ಣನದು. "ಆಮೇಲೆ ಸೈಟು ಕೊಡಿಸ್ತೀನಿ" ಎಂಬ ಮಾತು ಪತ್ರದಲ್ಲಿ ಇರುವುದಿಲ್ಲ, ಹಾಗಾಗಿ ಕೇಳಲು ಆಧಾರವೂ ಇರುವುದಿಲ್ಲ. ರದ್ದು ಮಾಡಿಸಬೇಕೆಂದರೆ ಮೋಸ ನಡೆದಿದೆ ಎಂದು ಸಿವಿಲ್ ಕೋರ್ಟಿನಲ್ಲಿ ನೀವೇ ಸಾಬೀತು ಮಾಡಬೇಕು, ಅದೂ ವಿಷಯ ತಿಳಿದ ಮೂರು ವರ್ಷದೊಳಗೆ ದಾವೆ ಹೂಡಿ. ಪತ್ರದ ಷೆಡ್ಯೂಲಿನಲ್ಲಿ, ಅಂದರೆ ಆಸ್ತಿ ವಿವರದ ಪಟ್ಟಿಯಲ್ಲಿ, ತೋಟದ ಜೊತೆ ಮನೆ, ಗದ್ದೆಯ ಸರ್ವೆ ನಂಬರುಗಳೂ ಸೇರಿರಬಹುದು. ಓದದೆ ಸಹಿ ಬೇಡವೇ ಬೇಡ.

ಜಂಟಿ ಖಾತೆಯಾದರೆ ಬೆಳೆ ಸಾಲಕ್ಕೆ ಬ್ಯಾಂಕು ಎಲ್ಲರ ಸಹಿ ಕೇಳುತ್ತದೆ. ತೋಟ ನೋಡಿಕೊಳ್ಳುವ ಅಣ್ಣನಿಗೆ ಅದು ನಿಜವಾದ ತೊಂದರೆ. ಅದಕ್ಕೆ ಮದ್ದು ಜಮೀನು ಅಳೆದು ಪಾಲು ಗುರುತಿಸುವ 11ಇ ನಕ್ಷೆ ಮಾಡಿಸಿ ವಿಭಾಗ ಪತ್ರ ನೋಂದಾಯಿಸುವುದು. ಪಾಲು ಅಣ್ಣನಿಗೇ ಬಿಡುವ ಮನಸ್ಸಿದ್ದರೆ ಬಿಡಿ, ಆದರೆ ಮೊತ್ತ ಮತ್ತು ಚೆಕ್ ನಂಬರ್ ಪತ್ರದಲ್ಲೇ ಬರೆಸಿ. ಅದೇ ದಿನ ಅಮ್ಮನ ಹತ್ತಿರವೂ ಬಿಡುಗಡೆ ಬರೆಸಿಕೊಳ್ಳಲು ಹೊರಟರೆ ತಡೆಯಿರಿ. ಅವರ ಪಾಲು ಅವರ ಹೆಸರಿನಲ್ಲೇ ಇರಲಿ.